ಆರೋಗ್ಯ ವಿಚಾರ: ಮುಚ್ಚಿದ ಕದ ತೆರೆದ ಮೇಲೆ

ಮನೆಯಲ್ಲಿ ಚಿಕ್ಕ ಮಕ್ಕಳಿರುವ ತಾಯಂದಿರು ಕೋವಿಡ್ ಪಿಡುಗಿನ ತರುವಾಯ ಒಂದು ಪ್ರಶ್ನೆಯನ್ನು ಮೇಲಿಂದ ಮೇಲೆ ಕೇಳುತ್ತ ಬಂದಿರುವರು. "ಬೇನೆಯ ಕಾಲದಲ್ಲಿ ಕೂಸನ್ನು ಹೊಸ್ತಿಲು ದಾಟಗೊಡದೆ ಕಾಪಾಡಿದೆವು. ಒಂದೂವರೆ ವರ್ಷ ಅದಕ್ಕೆ ನೆಗಡಿಯೆಂಬದೇ ಗೊತ್ತಿರಲಿಲ್ಲ. ಅಂಗನವಾಡಿಗೆ ಹೋಗತೊಡಗಿದ ಮೇಲೆ ಒಂದು ಕೆಮ್ಮು ಹೋಗುವಷ್ಟರಲ್ಲಿ ಇನ್ನೊಂದು ಬಂದಿತು. ಹಾಗಾದರೆ ಕಾಪಾಡಿದ್ದೇ ತಪ್ಪಾಯಿತೇನು?" ಎಂಬದೇ ಆ ಪ್ರಶ್ನೆ.

ಇದಕ್ಕೆ ಮನೆಗೊಂದು ಉತ್ತರವುಂಟು. ಗಾಳಿ ಬಿಸಿಲು ಕಾಣದ ಕೂಸು ಗಟ್ಟಿಯಾಗುವದು ಹೇಗೆಂದು ಅಜ್ಜಿಯು ಕೇಳುವಳು. ಎಲ್ಲಕ್ಕೂ ಲಸಿಕೆಯೇ ಕಾರಣವೆಂದು ನೆರೆಯವರು ದೂರುವರು. ಕಾಲವೇ ಕೆಟ್ಟಿತೆಂದು ಇನ್ನು ಕೆಲವರು ಸುಮ್ಮನಾಗುವರು. ಆದರೆ ಈ ಮಾತನ್ನು ಹೀಗೆ ಹಾರಿಸಿಬಿಡುವದು ತರವಲ್ಲ. ಮುಂದೆ ಇಂಥದೇ ಇನ್ನೊಂದು ಪಿಡುಗು ಬಂದಾಗ ಜನರು ಕದ ಮುಚ್ಚಲು ಒಪ್ಪುವರೋ ಇಲ್ಲವೋ, ಮುಚ್ಚಿದ ಕದವನ್ನು ತೆರೆಯುವಾಗ ಹಸುಳೆಗಳ ಗತಿಯೇನು ಎಂಬದು ಈ ಪ್ರಶ್ನೆಯ ಸರಿಯಾದ ಉತ್ತರವನ್ನೇ ಅವಲಂಬಿಸಿದೆ. ಆದ್ದರಿಂದ ಈ ತಿಂಗಳು ನಾವು ಇದೇ ವಿಷಯವನ್ನು ವಾಚಕರ ಮುಂದೆ ಇಡಬೇಕೆಂದಿರುವೆವು.

ಮೊದಲು ನಡೆದುದನ್ನು ನೆನೆಯೋಣ. ೨೦೨೦ನೆಯ ಇಸವಿಯ ಮಾರ್ಚ್ ೨೪ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಸಾರಲಾಯಿತು. ಮರುದಿನದಿಂದ ಮೇ ೩೧ರ ವರೆಗೆ ಅದು ಮುಂದುವರಿಯಿತು. ಗದಗ-ಬೆಟಗೇರಿಯ ಅವಳಿ ಊರಿನಲ್ಲಿ ಪೇಟೆಯ ಗದ್ದಲವಡಗಿತು. ಲಕ್ಷ್ಮೇಶ್ವರದ ಸಂತೆ ನೆರೆಯಲಿಲ್ಲ. ಶಿರಹಟ್ಟಿ ಮುಂಡರಗಿಗಳಿಗೆ ಬಸ್ಸು ಓಡಲಿಲ್ಲ. ಚೈತ್ರ ವೈಶಾಖಗಳಲ್ಲಿ ನಮ್ಮ ಸೀಮೆಯಲ್ಲಿ ಒಂದರ ಬೆನ್ನಿಗೊಂದು ಬರುವ ಜಾತ್ರೆಗಳಿಗೆ ಆ ವರ್ಷ ಜನರು ಕೂಡುವಂತಿರಲಿಲ್ಲ. ಮದುವೆಗಳು ಮನೆಯ ಪಡಸಾಲೆಯಲ್ಲಿಯೇ ಮುಗಿದವು. ಮುಂದೆ ಪೇಟೆ, ಬಸ್ಸುಗಳೆಲ್ಲ ಹಂತಹಂತವಾಗಿ ತೆರೆದರೂ ಎಲ್ಲಕ್ಕಿಂತ ಹೆಚ್ಚು ಕಾಲ ಮುಚ್ಚಿದ್ದದ್ದು ಚಿಕ್ಕ ಮಕ್ಕಳ ಶಾಲೆಗಳು. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು ೨೦೨೧ನೆಯ ಅಕ್ಟೋಬರ್ ೨೫ಕ್ಕೆ. ಅಂಗನವಾಡಿಗಳು ತೆರೆದದ್ದು ಅದೇ ವರ್ಷದ ನವೆಂಬರ್ ೮ಕ್ಕೆ. ಎಂದರೆ, ಒಂದು ಇಡೀ ತಲೆಮಾರಿನ ಕೂಸುಗಳು ಹತ್ತೊಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ತಮ್ಮ ಮನೆಯವರನ್ನು ಬಿಟ್ಟು ಹೊರಗಿನವರ ಉಸಿರು ತಾಕದೆ ಬೆಳೆದವು.

ಈ ಅವಧಿಯಲ್ಲಿ ಒಂದು ಸೋಜಿಗ ನಡೆಯಿತು. ಕೋವಿಡ್ ನಿಲ್ಲಲಿಲ್ಲ, ಆದರೆ ಪ್ರತಿವರ್ಷ ತಪ್ಪದೆ ಬರುತ್ತಿದ್ದ ಫ್ಲೂ ಜ್ವರವು ಜಗತ್ತಿನ ಬಹುಭಾಗದಲ್ಲಿ ಕಣ್ಮರೆಯಾಯಿತು. ಹಸುಳೆಗಳ ಶ್ವಾಸಕ್ಕೆ ತೊಡಕು ಮಾಡುವ, ವೈದ್ಯರು ಆರ್‌ಎಸ್‌ವಿ ಎಂದು ಕರೆಯುವ ವೈರಾಣುವೂ ಹಾಗೆಯೇ ಅಡಗಿತು. ಒಂದೇ ಕದವು ಒಂದು ರೋಗವನ್ನು ತಡೆಯಲಾರದೆ ಇನ್ನೊಂದನ್ನು ತಡೆದದ್ದು ಹೇಗೆ? ಇದಕ್ಕೆ ಲೆಕ್ಕವೇ ಉತ್ತರ ಹೇಳುವದು. ಸಾಧಾರಣ ವರ್ಷದಲ್ಲಿ ಹತ್ತು ಜನ ಫ್ಲೂ ರೋಗಿಗಳಿಂದ ಸುಮಾರು ಹದಿಮೂರು ಜನರಿಗೆ ರೋಗವು ಹಬ್ಬುವದು. ಏಕೆಂದರೆ ಅದು ಹಳೆಯ ರೋಗ. ಊರಿನಲ್ಲಿ ಅದನ್ನು ಕಂಡು ಅರಿತ ಶರೀರಗಳು ಬಹಳ. ಜನರ ಕೂಡುವಿಕೆಯನ್ನು ಅರ್ಧಕ್ಕೆ ಇಳಿಸಿದರೆ ಆ ಹದಿಮೂರು ಆರೇಳಕ್ಕೆ ಇಳಿಯುವದು; ಹತ್ತರಿಂದ ಆರು, ಆರರಿಂದ ನಾಲ್ಕು, ಹೀಗೆ ರೋಗದ ಬಳ್ಳಿಯೇ ಬಾಡುವದು. ಕೋವಿಡ್ ಹೊಸ ರೋಗವಾದದ್ದರಿಂದ ಮೊದಲ ವರ್ಷದಲ್ಲಿ ಹತ್ತು ಜನರಿಂದ ಇಪ್ಪತ್ತೈದು ಮೂವತ್ತು ಜನರಿಗೆ ಹಬ್ಬುತ್ತಿತ್ತು. ಅದನ್ನು ಅರ್ಧಕ್ಕಿಳಿಸಿದರೂ ಹತ್ತಕ್ಕಿಂತ ಹೆಚ್ಚೇ ಉಳಿಯಿತು. ಆದ್ದರಿಂದ ಬಳ್ಳಿಯು ಕುಗ್ಗಿದರೂ ಒಣಗಲಿಲ್ಲ.

ಎಲ್ಲ ನೆಗಡಿಗಳೂ ಅಡಗಿದವೆಂದು ತಿಳಿಯಲಾಗದು. ಸಾಮಾನ್ಯ ನೆಗಡಿಯನ್ನು ತರುವ ರೈನೋವೈರಸ್ಸು ಹೆಚ್ಚು ಕಾಲ ಮರೆಯಾಗಿರಲಿಲ್ಲ. ಫ್ಲೂ, ಆರ್‌ಎಸ್‌ವಿ, ಕೋವಿಡ್‌ಗಳ ವೈರಾಣುಗಳಿಗೆ ಮೇಲೊಂದು ಜಿಡ್ಡಿನ ಹೊದಿಕೆಯಿದೆ. ಸಾಬೂನು ತಾಕಿದೊಡನೆ ಅದು ಕರಗಿ ವೈರಾಣು ಸಾಯುವದು. ರೈನೋವೈರಸ್ಸಿಗೆ ಆ ಹೊದಿಕೆಯಿಲ್ಲ. ಆದ್ದರಿಂದ ಅದು ಸಾಬೂನಿಗೂ ಕೈಗೆ ಹಚ್ಚುವ ಸ್ಯಾನಿಟೈಸರಿಗೂ ಬೇಗನೆ ಜಗ್ಗುವದಿಲ್ಲ. ಇನ್ನೊಂದು ಕಡೆಗೆ, ಫ್ಲೂವಿನ ಬಿ ವಂಶದಲ್ಲಿ ಯಮಾಗಾಟ ಎಂಬ ಒಂದು ಕವಲು ೨೦೨೦ರ ಮಾರ್ಚ್ ತಿಂಗಳ ತರುವಾಯ ಎಲ್ಲಿಯೂ ನಿಶ್ಚಿತವಾಗಿ ಕಾಣಿಸಿಕೊಂಡಿಲ್ಲ. ಅದನ್ನು ಲಸಿಕೆಯಲ್ಲಿ ಸೇರಿಸುವದು ಇನ್ನು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ೨೦೨೩ರಲ್ಲಿ ಹೇಳಿದರು. ಕದ ಮುಚ್ಚಿದ್ದರಿಂದ ಒಂದು ರೋಗದ ಕವಲೇ ಕಡಿದು ಬಿದ್ದಂತೆ ತೋರುವದು. ಲಾಭದ ಲೆಕ್ಕದಲ್ಲಿ ಇದನ್ನೂ ಬರೆದುಕೊಳ್ಳತಕ್ಕದ್ದು.

ಇನ್ನು ಕದ ತೆರೆದ ಮೇಲಿನ ಮಾತು. ಇದನ್ನು ತಿಳಿಯಲು ನಮ್ಮ ಸೀಮೆಯ ಕೆರೆಯ ದೃಷ್ಟಾಂತ ಸಾಕು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಕೆರೆಗೆ ವರ್ಷವರ್ಷವೂ ಹಳ್ಳದ ನೀರು ಬಂದು ಸೇರುವದು. ತೂಬಿನಿಂದ ವರ್ಷವರ್ಷವೂ ನೀರು ಹೊಲಗಳಿಗೆ ಹರಿಯುವದು. ಒಳಹರಿವು ಹೊರಹರಿವುಗಳು ಸಮನಾಗಿರುವ ತನಕ ಕೆರೆ ತನ್ನ ಮಟ್ಟದಲ್ಲಿರುವದು. ಊರಿನಲ್ಲಿ ಒಂದು ರೋಗವನ್ನು ಇನ್ನೂ ಕಾಣದ ಕೂಸುಗಳು ಹೀಗೆಯೇ. ಪ್ರತಿವರ್ಷ ಹೊಸ ಕೂಸುಗಳು ಹುಟ್ಟಿ ಅವರ ಸಂಖ್ಯೆ ಏರುವದು. ಪ್ರತಿವರ್ಷ ರೋಗವು ಬಂದು ಹೋದಾಗ ಅದನ್ನು ಕಂಡು ಅರಿತ ಮಕ್ಕಳು ಆ ಲೆಕ್ಕದಿಂದ ಹೊರಬೀಳುವರು. ಎರಡು ವರ್ಷ ತೂಬನ್ನು ಮುಚ್ಚಿದರೆ ಏನಾಗುವದು? ಹಳ್ಳವು ಹರಿಯುವದನ್ನು ಬಿಡುವದಿಲ್ಲ, ಕೆರೆ ತುಂಬುವದು, ಕೊನೆಗೆ ಕೋಡಿ ಬೀಳುವದು.

ಒಂದು ದೊಡ್ಡ ಹಳ್ಳಿಯಲ್ಲಿ ವರ್ಷಕ್ಕೆ ನೂರು ಕೂಸು ಹುಟ್ಟುವವೆಂದು ಇಟ್ಟುಕೊಳ್ಳೋಣ. ಸಾಮಾನ್ಯ ಕಾಲದಲ್ಲಿ ಎರಡನೆಯ ವರ್ಷ ತುಂಬುವದರೊಳಗೆ ಬಹುಮಟ್ಟಿಗೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿಯ ಮೊದಲ ಭೇಟಿಯಾಗಿಬಿಡುವದು. ಹೆಚ್ಚಿನವರಿಗೆ ಅದು ಬರಿಯ ನೆಗಡಿಯಾಗಿ ಕಳೆಯುವದು, ಕೆಲವರಿಗೆ ಮಾತ್ರ ದವಾಖಾನೆ ಬೇಕಾಗುವದು. ಎರಡು ವರ್ಷ ಆ ವೈರಾಣುವೇ ಊರಿಗೆ ಬರಲಿಲ್ಲವೆಂದರೆ ಅದನ್ನು ಕಾಣದ ಇನ್ನೂರು ಮಕ್ಕಳು ಕೂಡಿಬಿಡುವರು. ಮೂರನೆಯ ವರ್ಷ ಹುಟ್ಟಿದ ನೂರು ಕೂಸುಗಳು ಅವರ ಜೊತೆಗೆ ಸೇರುವವು. ಆಗ ವೈರಾಣು ಕಾಲಿಟ್ಟರೆ ಮೂರು ವರ್ಷಗಳಲ್ಲಿ ಹಂಚಿಹೋಗಬೇಕಾಗಿದ್ದ ರೋಗವು ಒಂದೇ ಋತುವಿನಲ್ಲಿ ಬರುವದು. ಒಂದೊಂದು ಕೂಸಿನ ಬೇನೆಯು ಮೊದಲಿನಕ್ಕಿಂತ ಕೆಟ್ಟದಾಗಿರಬೇಕೆಂದಿಲ್ಲ. ಆದರೆ ದವಾಖಾನೆಯ ಹಾಸಿಗೆಗಳು ಹತ್ತಿದ್ದರೆ ಹತ್ತೇ. ಹನ್ನೊಂದನೆಯ ಕೂಸಿನ ತಾಯಿಗೆ ಇದೇ ದೊಡ್ಡ ವಿಪತ್ತು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ತಾಯಿಯು ಹೊಟ್ಟೆಯಲ್ಲಿರುವ ಕೂಸಿಗೆ ರಕ್ತದ ಮೂಲಕ ತನ್ನ ರಕ್ಷಣೆಯ ಪಾಲನ್ನು ಕೊಟ್ಟು ಕಳಿಸುವಳು. ಅದು ಹುಟ್ಟಿದ ಮೇಲೆ ಕೆಲವು ತಿಂಗಳು ಹಸುಳೆಯನ್ನು ಕಾಯುವದು. ತಾಯಿಗೆ ವರ್ಷಕ್ಕೊಮ್ಮೆ ನೆಗಡಿ ತಾಕುತ್ತಿದ್ದರೆ ಈ ಬುತ್ತಿಯು ಹೊಸದಾಗುತ್ತಿರುವದು. ಅವಳೂ ಮನೆಯೊಳಗೇ ಉಳಿದರೆ ಬುತ್ತಿಯು ತೆಳುವಾಗುವದು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ರಕ್ತವನ್ನು ಪರೀಕ್ಷಿಸಿ ನೋಡಿದಾಗ, ನಿರ್ಬಂಧದ ಕಾಲದಲ್ಲಿ ಹೆಂಗಸರಲ್ಲಿಯೂ ಕೂಸುಗಳಲ್ಲಿಯೂ ಆರ್‌ಎಸ್‌ವಿಯನ್ನು ತಡೆಯುವ ಅಂಶವು ಇಳಿದದ್ದು ಕಂಡುಬಂದಿತು.

ರೋಗದ ಅಗಲಿಕೆಯೇ ರೋಗಕ್ಕೆ ದಾರಿ ಮಾಡುವದೆಂಬದು ಇಂದಿನ ಹೊಸ ಮಾತಲ್ಲ. ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿ ಫೆರೋ ಎಂಬ ಪುಟ್ಟ ದ್ವೀಪಗಳಿವೆ. ಅಲ್ಲಿ ೧೭೮೧ರಲ್ಲಿ ದಡಾರ ಬಂದು ಹೋದ ಮೇಲೆ ಅರವತ್ತೈದು ವರ್ಷ ಆ ರೋಗದ ಸುಳಿವಿರಲಿಲ್ಲ. ೧೮೪೬ರಲ್ಲಿ ಹೊರಗಿನಿಂದ ಬಂದ ಒಬ್ಬನ ಮೂಲಕ ಅದು ಮರಳಿತು. ಏಳುಸಾವಿರದ ಎಂಟುನೂರರಷ್ಟಿದ್ದ ಜನರಲ್ಲಿ ಸುಮಾರು ಆರುಸಾವಿರ ಮಂದಿ ಕೆಲವೇ ತಿಂಗಳಲ್ಲಿ ಹಾಸಿಗೆ ಹಿಡಿದರು. ಆಗ ಅಲ್ಲಿಗೆ ಹೋದ ಪಾನುಮ್ ಎಂಬ ತರುಣ ವೈದ್ಯನು ಒಂದು ಸಂಗತಿಯನ್ನು ಗುರುತಿಸಿದನು: ೧೭೮೧ರಲ್ಲಿ ದಡಾರ ಬಂದಿದ್ದ ಮುದುಕ ಮುದುಕಿಯರಲ್ಲಿ ಒಬ್ಬರಿಗೂ ಅದು ತಿರುಗಿ ಬರಲಿಲ್ಲ. ಶರೀರವು ಒಮ್ಮೆ ಕಂಡ ದಡಾರವನ್ನು ಅರವತ್ತೈದು ವರ್ಷವಾದರೂ ಮರೆಯದು. ಆದರೆ ಫ್ಲೂ, ಆರ್‌ಎಸ್‌ವಿಗಳ ವಿಷಯದಲ್ಲಿ ಶರೀರದ ಈ ನೆನಪು ಅಷ್ಟು ಗಟ್ಟಿಯಲ್ಲ. ಫ್ಲೂ ವೈರಾಣುವಂತೂ ವರ್ಷವರ್ಷ ವೇಷ ಬದಲಿಸುವದು. ಆದ್ದರಿಂದ ಇವು ಎರಡು ಮೂರು ವರ್ಷ ಮರೆಯಾದರೂ ಮರಳುವಾಗ ಬಲಗೊಂಡು ಬರುವವು.

ಹೀಗಾದೀತೆಂದು ಅಮೇರಿಕೆಯ ಪ್ರಿನ್ಸ್‌ಟನ್ ವಿದ್ಯಾಪೀಠದ ಸಂಶೋಧಕರು ೨೦೨೦ರಲ್ಲಿಯೇ ಲೆಕ್ಕ ಹಾಕಿ ಎಚ್ಚರಿಸಿದ್ದರು. ಆದದ್ದೂ ಹಾಗೆಯೇ. ಚಳಿಗಾಲದಲ್ಲಿ ಬರಬೇಕಾದ ಆರ್‌ಎಸ್‌ವಿಯು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ೨೦೨೦ರ ಕೊನೆಗೆ, ಅಲ್ಲಿಯ ಬೇಸಿಗೆ ಸಮೀಪಿಸಿದಾಗ ಏರಿತು. ನ್ಯೂಝೀಲಂಡವು ೨೦೨೧ರ ಎಪ್ರಿಲದಲ್ಲಿ ಆಸ್ಟ್ರೇಲಿಯಾದ ಪ್ರಯಾಣಿಕರಿಗೆ ಕದ ತೆರೆಯಿತು; ಜೂನ್ ಜುಲೈ ತಿಂಗಳಿಗೆ ಅಲ್ಲಿಯ ಮಕ್ಕಳ ವಾರ್ಡುಗಳು ತುಂಬಿದವು. ಅಮೇರಿಕೆಯಲ್ಲಿ ೨೦೨೧ರ ಬೇಸಿಗೆಯಲ್ಲಿ ಅಕಾಲಕ್ಕೆ, ೨೦೨೨ರ ಕೊನೆಗೆ ಭರದಿಂದ ಅದು ಬಂದಿತು. ಚೀನ ದೇಶವು ಎಲ್ಲರಿಗಿಂತ ತಡವಾಗಿ, ೨೦೨೨ರ ಡಿಸೆಂಬರದಲ್ಲಿ ನಿರ್ಬಂಧ ಸಡಿಲಿಸಿತು. ಮುಂದಿನ ವರ್ಷದ ಚಳಿಗಾಲ ಮೊದಲಾಗುವಾಗ ಅಲ್ಲಿಯ ಮಕ್ಕಳಲ್ಲಿ ಶ್ವಾಸದ ಬೇನೆಗಳು ಹೆಚ್ಚಿದವೆಂಬ ವಾರ್ತೆ ಬಂದು, ೨೦೨೩ರ ನವೆಂಬರದಲ್ಲಿ ನಮ್ಮ ರಾಜ್ಯ ಸರಕಾರವೂ ಎಚ್ಚರಿಕೆಯ ಸೂಚನೆ ಹೊರಡಿಸಬೇಕಾಯಿತು.

ನಮ್ಮ ದೇಶವೂ ಇದಕ್ಕೆ ಹೊರತಾಗಲಿಲ್ಲ. ೨೦೨೨ರ ಮಳೆಗಾಲದಲ್ಲಿ ಮಹಾರಾಷ್ಟ್ರ ಕರ್ನಾಟಕಗಳಲ್ಲಿ ಎಚ್೧ಎನ್೧ ಫ್ಲೂ ಏರಿತು. ೨೦೨೩ರ ಆರಂಭದಲ್ಲಿ ಎಚ್೩ಎನ್೨ ಎಂಬ ಫ್ಲೂ ಹಬ್ಬಿ, ವಾರಗಟ್ಟಲೆ ಬಿಡದ ಕೆಮ್ಮಿನಿಂದ ಜನರು ಬೇಸತ್ತರು. ಆ ವರ್ಷದ ಮಾರ್ಚ್ ೧೦ರಂದು ಕೇಂದ್ರ ಸರಕಾರವು ಆ ರೋಗದಿಂದಾದ ಎರಡು ಮರಣಗಳನ್ನು ತಿಳಿಸಿತು. ಅವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದು, ಇನ್ನೊಂದು ಹರಿಯಾಣದ್ದು. ಅದೇ ಹೊತ್ತಿಗೆ ಪಶ್ಚಿಮ ಬಂಗಾಲದಲ್ಲಿ ಎಡಿನೋವೈರಸ್ಸು ಹಬ್ಬಿ ಕಲಕತ್ತೆಯ ಮಕ್ಕಳ ದವಾಖಾನೆಗಳಲ್ಲಿ ಹಾಸಿಗೆ ಸಿಗದಂತಾಯಿತು. ೨೦೨೫ರ ಜನವರಿಯಲ್ಲಿ ಬೆಂಗಳೂರಿನ ಎರಡು ಹಸುಳೆಗಳಲ್ಲಿ ಎಚ್‌ಎಂಪಿವಿ ವೈರಾಣು ಕಂಡಿತೆಂಬ ಸುದ್ದಿ ಬಂದಾಗ ಗದಗದ ಓಣಿಗಳ ವರೆಗೂ ಅಂಜಿಕೆ ಮುಟ್ಟಿತು. ವಾಸ್ತವದಲ್ಲಿ ಅದು ಹೊಸ ವೈರಾಣುವೇ ಅಲ್ಲ. ೨೦೦೧ರಲ್ಲಿಯೇ ಹಾಲೆಂಡಿನ ವೈದ್ಯರು ಅದನ್ನು ಗುರುತಿಸಿದ್ದರು. ಅದಕ್ಕಿಂತ ಎಷ್ಟೋ ಮೊದಲಿನಿಂದ ಅದು ಮನುಷ್ಯರಲ್ಲಿ ಓಡಾಡಿಕೊಂಡಿತ್ತು. ನಮ್ಮ ಕಣ್ಣಿಗೆ ಬಿದ್ದದ್ದು ಮಾತ್ರ ಹೊಸದು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ವಿಚಾರವು ಏಕಪಕ್ಷೀಯವಾದೀತು. ಕೋವಿಡ್ ಬರುವ ಮೊದಲು ಕೆಮ್ಮಿದ ಕೂಸಿನ ಮೂಗಿನ ದ್ರವವನ್ನು ಪರೀಕ್ಷಿಸುವ ಅನುಕೂಲತೆ ಜಿಲ್ಲಾ ಊರುಗಳಲ್ಲಿ ಇದ್ದಿಲ್ಲವೆಂದರೂ ಸಲ್ಲುವದು. ಪಿಡುಗಿನ ಕಾಲದಲ್ಲಿ ಪರೀಕ್ಷಾಲಯಗಳು ಹೆಚ್ಚಿದವು. ಹುಡುಕುವವರು ಹೆಚ್ಚಾದಂತೆ ಸಿಕ್ಕುವದೂ ಹೆಚ್ಚುವದು. ಫ್ಲೂ ವೈರಾಣುವು ನಿರ್ಬಂಧವಿಲ್ಲದ ಕಾಲದಲ್ಲಿಯೂ ಒಂದು ವರ್ಷ ಸೌಮ್ಯವಾಗಿ ಇನ್ನೊಂದು ವರ್ಷ ಉಗ್ರವಾಗಿ ಬರುತ್ತಿತ್ತು. ಅಂದ ಮೇಲೆ ೨೦೨೨ರ ತರುವಾಯದ ಪ್ರತಿಯೊಂದು ಕೆಮ್ಮನ್ನೂ ಲಾಕ್‌ಡೌನಿನ ತಲೆಗೆ ಕಟ್ಟುವದು ನ್ಯಾಯವಾಗಲಾರದು. ಮೊದಲ ಒಂದೆರಡು ಋತುಗಳ ಅಕಾಲದ ಏರಿಕೆಗೆ ಮಾತ್ರ ಮುಚ್ಚಿದ ಕದವೇ ಮುಖ್ಯ ಕಾರಣವೆನ್ನಲು ಆಧಾರವಿದೆ. ವರ್ಷ ಕಳೆದಂತೆ ಆ ಕಾರಣದ ಬಲವು ಕುಗ್ಗುತ್ತ ಹೋಗುವದು.

ಈ ಸ್ಥಿತಿಗೆ ಪ್ರಾನ್ಸಿನ ಮಕ್ಕಳ ವೈದ್ಯರು ೨೦೨೧ರಲ್ಲಿ "ರಕ್ಷಣಾಶಕ್ತಿಯ ಸಾಲ" ಎಂಬರ್ಥದ ಹೆಸರನ್ನಿಟ್ಟರು. ಹೆಸರು ಬಾಯಿಂದ ಬಾಯಿಗೆ ಹಬ್ಬಿತು. ಅದರ ಜೊತೆಗೆ ತಪ್ಪು ತಿಳುವಳಿಕೆಯೂ ಹಬ್ಬಿತು. ಸಾಲವೆಂದರೆ ನಮ್ಮ ಜನರಿಗೆ ಮರ್ಯಾದೆಯ ಪ್ರಶ್ನೆ. ಬಡ್ಡಿ ಸಹಿತ ತೀರಿಸಬೇಕಾದ ಹೊರೆ. ಮನೆಯಲ್ಲಿ ಉಳಿದ ಕೂಸಿನ ಶರೀರವು ಏನನ್ನೋ ಕಳಕೊಂಡಿತು, ಈಗ ಬೇನೆ ಬಿದ್ದು ಅದನ್ನು ತೀರಿಸುತ್ತಿದೆ ಎಂದು ತಾಯಂದಿರು ನಂಬಿದರು. ಇದು ನಿಜವಲ್ಲ. ರೋಗದೊಡನೆ ಹೋರಾಡುವ ಶಕ್ತಿಯು ಕುಸ್ತಿಯಾಳಿನ ತೋಳಿನಂತೆ ಸಾಧನೆ ತಪ್ಪಿದರೆ ಸೊರಗುವಂಥದಲ್ಲ. ಕೂಸಿನಲ್ಲಿ ಅದು ಪೂರ್ಣವಾಗಿಯೇ ಇತ್ತು. ಒಂದು ವೈರಾಣುವಿನ ಪರಿಚಯ ಮಾತ್ರ ಆಗಿರಲಿಲ್ಲ. ಸಾಲವೆಂಬದೇನಾದರೂ ಇದ್ದರೆ ಅದು ಊರಿನ ಲೆಕ್ಕದ್ದು, ಒಂದು ಕೂಸಿನದಲ್ಲ.

ಅಷ್ಟೇ ಅಲ್ಲ, ತಡವಾಗಿ ಬಂದದ್ದರಿಂದ ಅನೇಕ ಕೂಸುಗಳಿಗೆ ಲಾಭವೇ ಆಯಿತು. ಆರ್‌ಎಸ್‌ವಿಯು ಎಲ್ಲಕ್ಕಿಂತ ಹೆಚ್ಚು ಅಪಾಯ ಮಾಡುವದು ಆರು ತಿಂಗಳೊಳಗಿನ ಹಸುಳೆಗೆ. ಅದರ ಶ್ವಾಸನಾಳದ ಕವಲುಗಳು ಜೋಳದ ಕಾಳೂ ಹಿಡಿಸದಷ್ಟು ಕಿರಿದು. ತುಸು ಬಾವು ಬಂದು ಕಫ ಕಟ್ಟಿದರೂ ಗಾಳಿಯ ದಾರಿ ಮುಚ್ಚುವದು. ಅದೇ ಕೂಸು ಎರಡು ವರ್ಷದ್ದಾಗುವಷ್ಟರಲ್ಲಿ ನಾಳಗಳು ಅಗಲವಾಗಿ, ಅದೇ ಬೇನೆಯನ್ನು ಮೂಗು ಸೋರಿಸಿಕೊಂಡು ದಾಟಬಲ್ಲದು. ೨೦೨೦ರಲ್ಲಿ ಹುಟ್ಟಿ, ಮೊದಲ ಆರು ತಿಂಗಳಲ್ಲಿ ಈ ವೈರಾಣುವನ್ನು ಕಾಣದೆ ಬೆಳೆದ ಕೂಸಿನ ತಾಯಿಯು ತಾನು ತಪ್ಪು ಮಾಡಿದೆನೆಂದು ಕೊರಗಬೇಕಾದ ಕಾರಣವೇ ಇಲ್ಲ. ಅಪಾಯವಿದ್ದದ್ದು ಅವಳ ಕೂಸಿಗಲ್ಲ. ಕದ ತೆರೆದು ರೋಗಗಳು ಒಮ್ಮೆಗೇ ನುಗ್ಗಿದ ಋತುವಿನಲ್ಲಿ ಹುಟ್ಟಿದ ಹಸುಳೆಗೆ. ಹಿರಿಯ ಕೂಸು ಅಂಗನವಾಡಿಯಿಂದ ತಂದ ನೆಗಡಿಯು ತೊಟ್ಟಿಲಿನಲ್ಲಿದ್ದ ತಮ್ಮನಿಗೆ ಮುಟ್ಟಿತು. ಈ ಇಡೀ ವಿಚಾರದ ತಿರುಳು ಇಲ್ಲಿದೆ.

ಸಾಲವೆಂಬ ಮಾತು ಪೂರ್ಣವಾಗಿ ಒಪ್ಪುವ ಒಂದು ಸಂಗತಿ ಮಾತ್ರ ಇದೆ. ನಿರ್ಬಂಧದ ಕಾಲದಲ್ಲಿ ಎಷ್ಟೋ ಮನೆಗಳವರು ಕೂಸಿಗೆ ಹಾಕಿಸಬೇಕಾದ ಲಸಿಕೆಗಳನ್ನು ಹಾಕಿಸಲಿಲ್ಲ. ಹೊರಗೆ ಹೋಗಲು ಅಂಜಿಕೆ, ಆರೋಗ್ಯ ಕಾರ್ಯಕರ್ತೆಯರಿಗೆ ಕೋವಿಡ್ ಕೆಲಸದ ಹೊರೆ. ದಡಾರವೂ ಉಸಿರಿನಿಂದಲೇ ಹಬ್ಬುವ ರೋಗ. ೨೦೨೨ರ ಕೊನೆಗೆ ಮುಂಬಯಿಯ ದಟ್ಟಣೆಯ ವಸತಿಗಳಲ್ಲಿ ದಡಾರವೆದ್ದು ಮಕ್ಕಳನ್ನು ಬಲಿ ತೆಗೆದುಕೊಂಡಿತು; ಅಲ್ಲಿ ರೋಗಕ್ಕೀಡಾದವರಲ್ಲಿ ಲಸಿಕೆ ಕಾಣದ ಮಕ್ಕಳೇ ಬಹಳ. ನೆಗಡಿಯ ಬಾಕಿಯು ತಾನಾಗಿಯೇ ತೀರುವದು. ಲಸಿಕೆಯ ಬಾಕಿಯನ್ನು ನಾವೇ ತೀರಿಸಬೇಕು. ವಾಚಕರು ತಮ್ಮ ತಾಯಿ ಕಾರ್ಡನ್ನು ಇಂದೇ ತೆಗೆದು ನೋಡಲಿ. ದಡಾರದ ಲಸಿಕೆಯು ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಸಲ, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಸಲ ಬೀಳಬೇಕು. ನ್ಯುಮೋನಿಯಾದ ಒಂದು ಮುಖ್ಯ ಕಾರಣವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನು ೨೦೨೧ರಿಂದ ದೇಶದಲ್ಲೆಲ್ಲ ಸರಕಾರವೇ ಕೊಡುವ ಏರ್ಪಾಡಾಯಿತು. ಯಾವುದೊಂದು ತಪ್ಪಿದ್ದರೂ ತಡವಾಯಿತೆಂದು ಬಿಡದೆ ಆಶಾ ಕಾರ್ಯಕರ್ತೆಯನ್ನು ಕೇಳತಕ್ಕದ್ದು.

ಕದ ಮುಚ್ಚುವದೂ ತೆರೆಯುವದೂ ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿಯಲ್ಲಿ ೧೮೯೬ರಲ್ಲಿ ತೋರಿದ ಪ್ಲೇಗು ೧೮೯೮ರಲ್ಲಿ ಹುಬ್ಬಳ್ಳಿ ಗದಗಗಳನ್ನು ಹಿಡಿದಾಗ ಜನರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆಗ ಗದಗ ಮುಂಡರಗಿಗಳು ಮುಂಬಯಿ ಸರಕಾರದವು. ಲಕ್ಷ್ಮೇಶ್ವರವು ಮೀರಜ ಸಂಸ್ಥಾನದ್ದು. ಶಿರಹಟ್ಟಿಯು ಸಾಂಗಲಿ ಸಂಸ್ಥಾನದ್ದು. ಒಂದು ದಿನದ ಬಂಡಿಯ ಹಾದಿಯಲ್ಲಿ ಮೂರು ದೊರೆತನ. ರೋಗಕ್ಕೆ ಮಾತ್ರ ಯಾವ ಗಡಿಯೂ ಅಡ್ಡಬರಲಿಲ್ಲ. ಮುಂದೆ ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಮುಂಬಯಿ ಬಂದರಿನಿಂದ ಒಳನಾಡಿಗೆ ಹಬ್ಬಿ ದೇಶದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಒಯ್ದಿತು. ಪ್ಲೇಗು ಇಲಿ ಚಿಗಟಗಳ ರೋಗ, ಇದು ಉಸಿರಿನ ರೋಗ; ಎರಡರ ದಾರಿಯೂ ಬೇರೆ. ಆದರೂ ಪ್ಲೇಗಿನ ಕಾಲದ ಒಂದು ಪದ್ಧತಿ ನಮಗೆ ಇಂದಿಗೂ ಪಾಠ. ಗುಡಿಸಲಿನಿಂದ ಊರಿಗೆ ಮರಳುವ ಮೊದಲು ಮನೆಯ ಹೆಂಚು ತೆಗೆದು ಒಳಗೆ ಬಿಸಿಲು ಬೀಳಿಸುತ್ತಿದ್ದರು. ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಊರು ಬಿಡುವದಕ್ಕೆ ಎಷ್ಟು ವಿಚಾರವೋ ಮರಳುವದಕ್ಕೂ ಅಷ್ಟೇ ವಿಚಾರ ಬೇಕೆಂದು ಆಗಿನವರು ಅರಿತಿದ್ದರು. ೨೦೨೧ರಲ್ಲಿ ಕದ ತೆರೆದಾಗ ನಮ್ಮ ಲಕ್ಷ್ಯವೆಲ್ಲ ಕೋವಿಡ್ ಒಂದರ ಮೇಲೆಯೇ ಇತ್ತು. ಇಂಥ ಕಾಲವು ಇನ್ನೊಮ್ಮೆ ಬಂದರೆ, ತೆರೆದ ನಂತರದ ಎರಡು ಋತುಗಳಲ್ಲಿ ಮಕ್ಕಳ ವಾರ್ಡಿನಲ್ಲಿ ಹೆಚ್ಚು ಹಾಸಿಗೆ, ಆಮ್ಲಜನಕ, ದಾದಿಯರು ಬೇಕಾಗುವರೆಂದು ಗದಗದ ಜಿಲ್ಲಾ ದವಾಖಾನೆಯೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ದವಾಖಾನೆಗಳೂ ಮೊದಲೇ ಎಣಿಸಿಕೊಂಡಿರಬೇಕು. ಎಣಿಸಿಕೊಳ್ಳಿರೆಂದು ನಾವು ಕೇಳಬೇಕು.

ಸರಕಾರದ ಕೆಲಸ ಹಾಗಿರಲಿ. ಮನೆಯಲ್ಲಿ ಮಾಡತಕ್ಕದ್ದೇನು? ಮೊದಲನೆಯದಾಗಿ, "ಬರಲಿ ಬಿಡಿ, ಬೇನೆ ಬಂದರೇ ಗಟ್ಟಿಯಾಗುವದು" ಎಂದು ಬೇಕೆಂತಲೇ ಕೂಸನ್ನು ಕೆಮ್ಮುವವರ ನಡುವೆ ಬಿಡಬಾರದು. ಬರುವದು ತಾನಾಗಿ ಬರುವದು; ಅದನ್ನು ಕರೆಯುವದರಿಂದ ಪುಣ್ಯವಿಲ್ಲ. ಅದರಂತೆಯೇ ಮೂರು ವರ್ಷದ ಮಗುವನ್ನು ನೆಗಡಿಯ ಅಂಜಿಕೆಯಿಂದ ಅಂಗನವಾಡಿ ಬಿಡಿಸಿ ಕೂಡಿಸುವದೂ ಬೇಡ. ಮೊದಲ ವರ್ಷ ಅದಕ್ಕೆ ಆರೆಂಟು ಸಲ ನೆಗಡಿಯಾದರೂ ಅದು ಸಹಜವೆಂದೇ ಎಣಿಸಬೇಕು. ಜ್ವರವಿದ್ದ ದಿನ ಮಾತ್ರ ಮನೆಯಲ್ಲಿ ಇರಿಸಿಕೊಂಡರೆ ಉಳಿದ ಮಕ್ಕಳಿಗೆ ಉಪಕಾರವಾಗುವದು.

ಕಾಪಾಡಬೇಕಾದದ್ದು ತೊಟ್ಟಿಲಿನ ಕೂಸನ್ನು, ಗರ್ಭಿಣಿಯನ್ನು, ಮುದುಕರನ್ನು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಬಾಣಂತಿಯ ಕೋಣೆಗೆ ಹೋಗಬಾರದೆಂಬದು ನಮ್ಮ ಹಳೆಯ ಕಟ್ಟಳೆ. ಕಾಲಿನ ಜೊತೆಗೆ ಕೈಯನ್ನೂ ಸಾಬೂನಿನಿಂದ ತೊಳೆದರೆ ಆ ಕಟ್ಟಳೆಯು ಪೂರ್ಣವಾಗುವದು. ಹೆಸರಿಡುವ ದಿನ ಬಂದ ಬಳಗವೆಲ್ಲ ಕೂಸಿಗೆ ಮುದ್ದು ಕೊಡದೆ ದೂರದಿಂದಲೇ ಹರಸಿದರೆ ಯಾರ ಪ್ರೀತಿಯೂ ಕಡಿಮೆಯಾಗದು. ಆದರೆ ಅದೇ ಕೋಣೆಯ ಕಿಟಕಿ ಮುಚ್ಚಿ, ಅಗ್ಗಿಷ್ಟಿಗೆಯಿಟ್ಟು, ಲೋಬಾನದ ಹೊಗೆ ತುಂಬಿಸುವ ರೂಢಿಯನ್ನು ನಾವು ಒಪ್ಪಲಾರೆವು. ಹೊಗೆಯು ಹಸುಳೆಯ ಶ್ವಾಸಕ್ಕೆ ಶತ್ರು. ಬೀಡಿ ಸಿಗರೇಟಿನ ಹೊಗೆಯಂತೂ ಮನೆಯಲ್ಲಿ ಸುಳಿಯಲೇಬಾರದು. ಆರು ತಿಂಗಳು ಎದೆಹಾಲೊಂದನ್ನೇ ಕೊಡಬೇಕು. ಗರ್ಭಿಣಿಯರೂ ವೃದ್ಧರೂ ಫ್ಲೂ ಲಸಿಕೆಯ ವಿಷಯವಾಗಿ ವೈದ್ಯರ ಸಲಹೆ ಪಡೆಯಲಿ. ಹುಟ್ಟುವ ಕ್ಷಣದಿಂದಲೇ ಕೂಸನ್ನು ಕಾಯುವಂತೆ ಗರ್ಭಿಣಿಗೆ ಕೊಡುವ ಆರ್‌ಎಸ್‌ವಿ ಲಸಿಕೆಯೂ ೨೦೨೩ರಿಂದ ಕೆಲವು ದೇಶಗಳಲ್ಲಿ ಬಳಕೆಗೆ ಬಂದಿದೆ.

ಇನ್ನು ನೆಗಡಿಯು ಎಲ್ಲಿಯ ವರೆಗೆ ನೆಗಡಿ, ಎಲ್ಲಿಂದ ಮುಂದೆ ಅಪಾಯವೆಂಬದನ್ನು ಪ್ರತಿಯೊಬ್ಬ ಗೃಹಿಣಿಯೂ ಅರಿತಿರಬೇಕು. ಇದಕ್ಕೆ ಗಡಿಯಾರವೊಂದು ಸಾಕು. ಕೂಸು ಅಳದೆ ಶಾಂತವಾಗಿರುವಾಗ ಅದರ ಹೊಟ್ಟೆ ಎದೆಗಳ ಏರಿಳಿತವನ್ನು ಪೂರ್ಣ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ೬೦, ಎರಡರಿಂದ ಹನ್ನೆರಡು ತಿಂಗಳ ಕೂಸಿಗೆ ೫೦, ಒಂದರಿಂದ ಐದು ವರ್ಷದ ಮಗುವಿಗೆ ೪೦ ಅಥವಾ ಅದಕ್ಕೆ ಮೀರಿ ಉಸಿರು ಎಣಿಸಿಬಂದರೆ ವಿಳಂಬ ಮಾಡದೆ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುವದು, ತುಟಿ ನೀಲಿಯಾಗುವದು, ಹಾಲು ಕುಡಿಯಲಾರದಾಗುವದು, ಕರೆದರೂ ಕಣ್ಣು ತೆರೆಯದ ಮಂಪರು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು ನೋಡದೆ ದವಾಖಾನೆಗೆ ಒಯ್ಯಬೇಕು. ೧೦೮ಕ್ಕೆ ಕರೆ ಮಾಡಿದರೆ ವಾಹನ ಬರುವದು. ಉಳಿದ ನೆಗಡಿಗೆ ಮೂಗು ಶುದ್ಧವಾಗಿಡುವದು, ಮೇಲಿಂದ ಮೇಲೆ ಹಾಲು ನೀರು ಕೊಡುವದು, ವಿಶ್ರಾಂತಿ, ಇಷ್ಟೇ ಮದ್ದು; ಆರು ತಿಂಗಳೊಳಗಿನ ಕೂಸಿಗೆ ಎದೆಹಾಲೇ ನೀರು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಹಿಂದಿನ ಸಲ ಉಳಿದ ಆ್ಯಂಟಿಬಯಾಟಿಕ್ ಔಷಧವನ್ನು ಗೂಡಿನಿಂದ ತೆಗೆದು ಕೊಡುವದಂತೂ ಸರ್ವಥಾ ಸಲ್ಲದು. ಅದು ವೈರಾಣುವನ್ನು ಕೊಲ್ಲದು.

ಪಿಡುಗಿನ ಕಾಲದಲ್ಲಿ ಕದ ಮುಚ್ಚಿದ ತಾಯಿಯು ಆಗಿನ ಅರಿವಿಗೆ ತಕ್ಕಂತೆ ತನ್ನ ಕೂಸನ್ನು ಉಳಿಸಿಕೊಂಡಳು; ಅವಳನ್ನು ದೂರುವದು ಅನ್ಯಾಯ. ಆದರೆ ಮುಚ್ಚಿದ ಕದವು ರೋಗವನ್ನು ಹೊರಗೆ ನಿಲ್ಲಿಸುವದೇ ಹೊರತು ಹಿಂದಕ್ಕೆ ಕಳಿಸುವದಿಲ್ಲ. ಹೊರಗೆ ನಿಂತದ್ದು ಒಂದು ದಿನ ಒಳಗೆ ಬರುವದೆಂದು ತಿಳಿದು, ಅಷ್ಟರಲ್ಲಿ ಲಸಿಕೆ ಹಾಕಿಸಿ, ಕಿಟಕಿ ತೆರೆದು, ಎಳೆಗೂಸನ್ನು ಒಂದು ಬದಿಗಿರಿಸಿ ಸಿದ್ಧರಾಗಿರುವದು ನಮ್ಮ ಕೈಯಲ್ಲಿದೆ. ಕೂಸಿನ ಉಸಿರು ಎಣಿಸುವದನ್ನು ಮನೆಯಲ್ಲಿ ಒಬ್ಬರಾದರೂ ಈ ತಿಂಗಳು ಕಲಿತುಕೊಂಡರೆ ನಮ್ಮ ಬರೆಹವು ಸಾರ್ಥಕವಾಯಿತೆಂದು ಎಣಿಸುವೆವು.